ಹುಲ್ಲು ಗೆದ್ದ ವರ್ಷ

ಇವತ್ತು ಬೆಳಿಗ್ಗೆ ಕಿಟಕಿ ತೆಗೆದರೆ ಹುಲ್ಲು ಕೊಯ್ದ ವಾಸನೆ ಬಂತು. ಲೈಡನ್ನಿನಲ್ಲಿ ಮಗಳ ಮನೆ ಎರಡನೇ ಮಹಡಿಯಲ್ಲಿದೆ. ಕೆಳಗೆ ಕಾಲುವೆ, ಕಾಲುವೆಯ ದಡಕ್ಕೆ ಒಂದು ಪಟ್ಟಿ ಹುಲ್ಲು. ಮುನಿಸಿಪಾಲಿಟಿಯವನು ಕಿವಿಗೆ ಮುಚ್ಚಳ ಹಾಕಿಕೊಂಡು, ಮಳೆ ಇನ್ನೂ ಆರದ ಹುಲ್ಲಿನ ಮೇಲೆ ಯಂತ್ರ ಓಡಿಸುತ್ತಿದ್ದ. ಒದ್ದೆ ಹುಲ್ಲನ್ನು ಕೊಯ್ಯಬಾರದು. ಕೊಯ್ದರೆ ಅದು ನೀಟಾಗಿ ತುಂಡಾಗುವುದಿಲ್ಲ, ಹರಿದುಹೋಗುತ್ತದೆ. ಮಾರನೆಯ ದಿನ ತುದಿಯೆಲ್ಲ ಬೆಳ್ಳಗಾಗುತ್ತದೆ. "ಏಯ್, ಒಣಗ್ಲಿ ಬಿಡಯ್ಯಾ!" ಎಂದು ಕೂಗಿದೆ. ಅವನು ತಲೆಯೆತ್ತಿ, ಕಿಟಕಿಯಲ್ಲಿ ನನ್ನನ್ನು ಕಂಡು ಕೈಬೀಸಿದ. ಇಲ್ಲಿನ ಜನ ಒಳ್ಳೆಯವರು, ಬೈದರೂ ಕೈಬೀಸುತ್ತಾರೆ.

ನನಗೆ ಗೊತ್ತಿರುವುದು ಕಡಿಮೆ. ಓದಿದ್ದು ಮೂರನೇ ಕ್ಲಾಸು. ಇದನ್ನು ಬರೆಯುವಾಗಲೂ ಒತ್ತಕ್ಷರ ಬಂದ ಕಡೆ ಪೆನ್ನು ನಿಲ್ಲುತ್ತದೆ, ಮಗಳು ಸರೋಜ ತಿದ್ದುತ್ತಾಳೆ. ಆದರೆ ಹುಲ್ಲಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವವಳಲ್ಲ. ಬೆಂಗಳೂರಿನ ಒಂದು ಆಟದ ಮೈದಾನದಲ್ಲಿ ಇಪ್ಪತ್ತೆಂಟು ವರ್ಷ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತಿದ್ದೇನೆ. ಹನ್ನೆರಡು ಹೆಂಗಸರು, ಒಂದು ಸಾಲು, ಕೈಯಲ್ಲಿ ಒಂದೊಂದು ಮೊಂಡು ಚಾಕು. ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಕಳೆ ಬಂದಿರುತ್ತಿತ್ತು. ಮೇಸ್ತ್ರಿ ಮುನಿಯಪ್ಪ ಕೊಡೆ ಹಿಡಿದು ಹಿಂದೆ ನಿಂತಿರುತ್ತಿದ್ದ. "ತಲೆ ಎತ್ತಬೇಡ್ರಮ್ಮ, ಕಳೆ ಆಕಾಶದಲ್ಲಿಲ್ಲ" ಎನ್ನುತ್ತಿದ್ದ. ಆಟವಿದ್ದ ದಿನ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ, ಟೀವಿಯಲ್ಲಿ ನಾವು ಕಾಣಬಾರದಂತೆ. ಹಾಗಾಗಿ ಅಷ್ಟು ವರ್ಷದಲ್ಲಿ ಅಲ್ಲಿ ಒಂದು ಆಟವನ್ನೂ ನಾನು ನೋಡಿದವಳಲ್ಲ.

ಮಗಳನ್ನು ಹುಲ್ಲಿನ ಮೇಲೆ ಮಲಗಿಸಿ ಕೆಲಸ ಮಾಡುತ್ತಿದ್ದೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಆ ಹುಲ್ಲಿನ ಮೇಲೆ ಕೂಲಿಯವರ ಮಕ್ಕಳನ್ನು ಬಿಡುತ್ತಿರಲಿಲ್ಲ. ಕಲ್ಲಿನ ರೋಲರು ನಿಲ್ಲಿಸುವ ಶೆಡ್ಡಿನಲ್ಲಿ, ಸಿಮೆಂಟಿನ ಮೇಲೆ ಗೋಣಿ ಹಾಸಿ ಮಲಗಿಸುತ್ತಿದ್ದೆ. ನಡೆಯಲು ಬಂದ ಮೇಲೆ ಅಲ್ಲೇ ಕೂತು ನಮ್ಮನ್ನು ನೋಡುತ್ತಿದ್ದಳು. ಅವಳ ಅಪ್ಪ ಎನ್ನುವವನು ಇದ್ದ, ಹೋದ. ಅವನ ಸುದ್ದಿ ಇಲ್ಲಿ ಬೇಡ.

ಸರೋಜ ಕೃಷಿ ಕಾಲೇಜು ಓದಿದಳು. ಅದರ ಮೇಲೆ ಇನ್ನೂ ಏನೋ ಓದಲು ಈ ದೇಶಕ್ಕೆ ಬಂದಳು. ಈಗ ಲೈಡನ್ನಿನ ಒಂದು ಕಂಪನಿಯಲ್ಲಿದ್ದಾಳೆ. ಊರೂರಿನ ಫುಟ್‌ಬಾಲ್ ಮೈದಾನಗಳ ಹುಲ್ಲು ನೋಡಿಕೊಳ್ಳುವುದೇ ಆ ಕಂಪನಿಯ ಕೆಲಸ. ಬಿಸಿಲಿಲ್ಲದ ದೇಶಗಳಲ್ಲಿ ದೀಪ ಹಚ್ಚಿ ಹುಲ್ಲು ಬೆಳೆಸುತ್ತಾರೆ ಎಂದು ಮೊದಲ ಸಲ ಹೇಳಿದಾಗ ನಾನು ನಕ್ಕೆ. ಫೋಟೋ ತೋರಿಸಿದಳು. ಮನೆಯಷ್ಟು ಅಗಲದ ಗಾಡಿ, ಅದರ ತುಂಬ ಹಳದಿ ದೀಪ, ಕೆಳಗೆ ಹುಲ್ಲು ಬಾಣಂತಿಯ ಹಾಗೆ ಮೈ ಕಾಯಿಸಿಕೊಳ್ಳುತ್ತಿತ್ತು. ನಗು ನಿಲ್ಲಿಸಿದೆ.

ಹೋದ ವರ್ಷ ಇಂಗ್ಲೆಂಡಿನ ಒಂದು ಕ್ಲಬ್ಬಿನ ಮೈದಾನವನ್ನು ಪೂರ್ತಿ ಸರೋಜಳ ಕೈಗೆ ಕೊಟ್ಟರು. ಕೆಂಪು ಅಂಗಿಯವರು. ಆ ಊರಿನ ಹೆಸರು ನನ್ನ ಬಾಯಿಗೂ ಬರುವುದಿಲ್ಲ, ಪೆನ್ನಿಗೂ ಬರುವುದಿಲ್ಲ. ನನ್ನ ವೀಸಾ ಮೂರು ತಿಂಗಳದ್ದು. ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಬೆಂಗಳೂರು. ಸೀಸನ್ನು ಆಗಸ್ಟಿನಲ್ಲಿ ಶುರುವಾದಾಗ ಇಲ್ಲಿದ್ದೆ, ಮುಗಿಯುವಾಗಲೂ ಇಲ್ಲಿದ್ದೆ. ನಡುವಿನ ಚಳಿಯನ್ನು ಇಲ್ಲಿದ್ದವರೇ ಅನುಭವಿಸಿದರು.

ಆ ಮೊದಲ ಮೂರು ತಿಂಗಳಲ್ಲಿ ಮಂಡಿ ನೋವೆಂದು ಸರೋಜ ನನ್ನನ್ನು ಇಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಮೊದಲು ಏನು ಕೆಲಸದಲ್ಲಿದ್ದರು ಎಂದು ಆಕೆ ಕೇಳಿರಬೇಕು. ಸರೋಜ ಡಚ್ ಭಾಷೆಯಲ್ಲಿ ಹೇಳಿದ್ದರಲ್ಲಿ ಒಂದು ಮಾತು ನನಗೆ ತಿಳಿಯಿತು: ಹಾರ್ಟಿಕಲ್ಚರ್ ಡಿಪಾರ್ಟ್‌ಮೆಂಟ್. ಡಾಕ್ಟರಮ್ಮ ನಾನು ಕುರ್ಚಿಯ ಮೇಲೆ ಕೂತು ಫೈಲು ನೋಡಿದವಳು ಎಂದುಕೊಂಡರು. ಮೈಗೆ ಚಲನೆ ಸಾಲದು ಎಂದರು. ದಿನಕ್ಕೆ ಹತ್ತು ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕೆಂದು ತಾವೇ ಕೂತು ತೋರಿಸಿದರು. ಪಾಪ, ಹಿಮ್ಮಡಿ ನೆಲಕ್ಕೆ ತಾಕಲಿಲ್ಲ. ಕಳೆ ಕೀಳುವ ಕೂಲಿ ಎಂದು ಯಾಕೆ ಹೇಳಲಿಲ್ಲ ಎಂದು ದಾರಿಯಲ್ಲಿ ನಾನು ಕೇಳಲಿಲ್ಲ. ಅಂಥದಕ್ಕೆಲ್ಲ ಅಳುತ್ತ ಕೂರುವ ಪೈಕಿ ನಾನಲ್ಲ. ಆದರೆ ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ.

ಆಟವಿದ್ದ ದಿನ ಗೌರಿ ಬರುತ್ತಿದ್ದಳು. ಧಾರವಾಡದ ಹುಡುಗಿ, ಇಲ್ಲಿ ಡಾಕ್ಟರೇಟಿಗೆ ಓದುತ್ತಾಳೆ. ಹಾಸ್ಟೆಲ್ಲಿನ ಕಾಲದಿಂದಲೂ ಈ ಕೆಂಪು ಅಂಗಿಯವರ ಹುಚ್ಚು. ಸೈಕಲ್ಲಿನಲ್ಲಿ ಬಂದು, ಶೂ ಬಿಚ್ಚುವ ಮೊದಲೇ ಟೀವಿ ಹಾಕುತ್ತಿದ್ದಳು. ಅವಳ ಕಣ್ಣು ಬಾಲಿನ ಮೇಲೆ, ನನ್ನದು ನೆಲದ ಮೇಲೆ.

"ಅಜ್ಜಿ, ಬಾಲ್ ನೋಡ್ರೀ. ಖಾಲಿ ನೆಲಾ ಏನ್ ನೋಡ್ಕೋತ ಕುಂತೀರಿ?"

"ಬಾಲ್ ನೀನ್ ನೋಡ್ತಿದೀಯಲ್ಲ. ಇಬ್ರೂ ಒಂದನ್ನೇ ನೋಡೋದು ಯಾಕೆ?"

"ಅಲ್ರೀ, ಗೋಲ್ ಆದ್ರ ಹೆಂಗ್ ಗೊತ್ತಾಗ್ತದ ನಿಮಗ?"

"ನೀನ್ ಕಿರುಚ್ತೀಯಲ್ಲ, ಗೊತ್ತಾಗುತ್ತೆ."

ಹಾಗೆ ಕಿರುಚುವ ಸಂದರ್ಭಗಳು ಆ ವರ್ಷ ಬಹಳ ಬಂದವು. ಬಸ್ಸಿನ ನಂಬರು ಓದಿ ಕಲಿತ ಇಂಗ್ಲಿಷ್ ಅಂಕಿಗಳಲ್ಲಿ, ಯಾವ ತಂಡ ಎಷ್ಟನೆಯದು ಎನ್ನುವ ಪಟ್ಟಿ ಓದುವುದನ್ನು ನಾನೂ ಕಲಿತೆ. ನಮ್ಮವರು ಮೇಲಿಂದ ನಾಲ್ಕು, ಮೇಲಿಂದ ಮೂರು. ಫೆಬ್ರವರಿಯ ಕೊನೆಯಲ್ಲಿ ನಾನು ಮತ್ತೆ ಬಂದಿಳಿಯುವ ಹೊತ್ತಿಗೆ ಮೇಲಿಂದ ಒಂದು. ಎಷ್ಟೋ ವರ್ಷಗಳಿಂದ ಆ ಜಾಗ ಸಿಕ್ಕಿರಲಿಲ್ಲವಂತೆ. ಗೌರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಕಾಲು ನಿಲ್ಲಬೇಕಾದವನ ಕಾಲು ಜಾರಿದ್ದು ನಾನು ಬಂದ ವಾರವೇ. ನಮ್ಮದೇ ಮೈದಾನ. ಗೋಲು ಕಾಯುವವನ ಮುಂದೆ ಆಡುವ ನಮ್ಮವನು ತಿರುಗಲು ಹೋಗಿ ಬಿದ್ದ. ಎದುರಿನವನು ಬಾಲ್ ತೆಗೆದುಕೊಂಡು ಹೋಗಿ ಗೋಲು ಹೊಡೆದ; ಆಟ ಹೋಯಿತು. ಟೀವಿಯವರು ಅದನ್ನು ಮತ್ತೆ ಮತ್ತೆ ತೋರಿಸಿದರು. ಕೊನೆಯ ಸಲ ಬಿದ್ದವನನ್ನು ಬಿಟ್ಟು, ಕಿತ್ತುಬಂದ ನೆಲವನ್ನೇ ದೊಡ್ಡದು ಮಾಡಿ ತೋರಿಸಿದರು. ಮಣ್ಣು ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಸರೋಜ ಎದ್ದು ಅಡಿಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನಿಲ್ಲಿಸಿದ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.

"ಇನ್ನೊಂದ್ ಸಲ ಅಲ್ಲಿ ಯಾರಾದ್ರೂ ಬಿದ್ರೆ ಈ ಗ್ರೌಂಡ್ ನನ್ ಕೈಯಿಂದ ಹೋಗುತ್ತಮ್ಮ" ಎಂದಳು, ಊಟದ ಹೊತ್ತಿಗೆ. "ಬೇರೆಯವರಿಗೆ ಕೊಟ್ಬಿಡ್ತಾರೆ. ಫಸ್ಟ್ ಟೈಮ್ ನನ್ನ ನಂಬಿ ಕೊಟ್ಟಿದ್ದು."

"ಅಲ್ಲಿ ಹುಲ್ಲು ಯಾಕೆ ಸತ್ತಿದೆ?"

"ಅದೇ ಗೊತ್ತಾಗ್ತಿಲ್ಲ. ಫಂಗಸ್ ನೋಡಿದ್ವಿ, ನೀರು ನೋಡಿದ್ವಿ, ಲೈಟ್ ನೋಡಿದ್ವಿ. ಎಲ್ಲಾ ಕರೆಕ್ಟಾಗಿದೆ."

ನಾನು ಸುಮ್ಮನಿರುವವಳಲ್ಲ. ನಾಯಿ ಉಚ್ಚೆ ಹೊಯ್ದಿದೆ ಎಂದೆ. ಅಲ್ಲಿಗೆ ನಾಯಿ ಬರುವುದಿಲ್ಲವಂತೆ. ಗೊಬ್ಬರ ಹೆಚ್ಚಾಗಿ ಸುಟ್ಟಿದೆ ಎಂದೆ. "ಅಮ್ಮಾ, ಪ್ಲೀಸ್" ಎಂದಳು. ಎರಡು ಸಲ ತಪ್ಪು ಹೇಳಿದೆ, ಒಪ್ಪುತ್ತೇನೆ.

ಮುಂದಿನ ಶನಿವಾರ ಮತ್ತೆ ಅದೇ ಮೈದಾನ. ಅವತ್ತು ಯಾರೂ ಬೀಳಲಿಲ್ಲ. ಆದರೆ ಒಂದು ಸಲ ಎತ್ತರದಿಂದ ಪೂರ್ತಿ ಮೈದಾನ ತೋರಿಸಿದರು. ಆಗ ಕಂಡಿತು: ಸತ್ತ ಹುಲ್ಲು ದುಂಡಗಿನ ಮಚ್ಚೆಯ ಹಾಗಿಲ್ಲ, ಮುರಿದ ಬಳೆಯ ಚೂರಿನಂತೆ ಬಾಗಿದೆ. ಆ ಬಾಗು ನನಗೆ ಗೊತ್ತು. ಬೆಂಗಳೂರಿನಲ್ಲಿ ಕಲ್ಲಿನ ರೋಲರನ್ನು ಎಂಟು ಜನ ಎಳೆಯುತ್ತಿದ್ದರು. ಸುಸ್ತಾದವರು ಶೆಡ್ಡಿಗೆ ಹತ್ತಿರದ ಜಾಗದಲ್ಲೇ ಅದನ್ನು ತಿರುಗಿಸುತ್ತಿದ್ದರು, ಪ್ರತಿದಿನ ಅಲ್ಲೇ. ತಿರುಗುವ ಭಾರಕ್ಕೆ ಬೇರು ಕತ್ತರಿಸಿಹೋಗುತ್ತದೆ. ಮೇಲೆ ಹಸಿರು, ಕೆಳಗೆ ಬೇರಿಲ್ಲ. ನಾವು ಎಷ್ಟು ಕಳೆ ಕಿತ್ತರೂ, ಎಷ್ಟು ನೀರು ಬಿಟ್ಟರೂ ಅಲ್ಲಿ ಹುಲ್ಲು ನಿಲ್ಲುತ್ತಿರಲಿಲ್ಲ. ಮುನಿಯಪ್ಪ ನಮ್ಮನ್ನೇ ಬೈಯುತ್ತಿದ್ದ.

ಸರೋಜ ಇಂಗ್ಲೆಂಡಿಗೆ ಹೋಗಿದ್ದಳು. ಗೌರಿಯ ಕೈಯಲ್ಲಿ ಫೋನು ಮಾಡಿಸಿದೆ.

"ಅಲ್ಲಿ ಏನೋ ಭಾರದ್ದನ್ನ ತಿರುಗಿಸ್ತಾರೆ ಕಣೇ."

"ಏನ್ ತಿರುಗಿಸ್ತಾರಮ್ಮ? ರೋಲರ್ ಎಲ್ಲಿದೆ ಇಲ್ಲಿ?"

"ರೋಲರ್ ಇಲ್ದಿದ್ರೆ ಇನ್ನೊಂದು. ನಿನ್ ದೀಪದ ಗಾಡಿ ಕಾಲಿಲ್ದೆ ಬರುತ್ತಾ?"

ಆ ಕಡೆ ಯಾರನ್ನೋ ಇಂಗ್ಲಿಷಿನಲ್ಲಿ ಕೂಗಿದಳು. ಆಮೇಲೆ "ಇಡ್ತೀನಿ" ಎಂದಳು.

ಎರಡು ದಿನ ಬಿಟ್ಟು ಮಾಡಿದಳು. ದೀಪದ ಗಾಡಿ ತಳ್ಳುವವರು, ಬಾಗಿಲಿಗೆ ಹತ್ತಿರವೆಂದು, ದಿನಾ ಆ ಒಂದೇ ಜಾಗದಲ್ಲಿ ಅದನ್ನು ತಿರುಗಿಸುತ್ತಿದ್ದರಂತೆ. ಕಂಪ್ಯೂಟರಿನಲ್ಲಿ ಗಾಡಿ ಎಲ್ಲಿ ನಿಂತಿತ್ತು ಎಂದು ಇರುತ್ತದೆ, ಎಲ್ಲಿ ತಿರುಗಿತು ಎಂದು ಇರುವುದಿಲ್ಲ. ನೆಲ ಅಗೆದು ನೋಡಿದರೆ ಬೇರು ಬೆರಳಿನ ಉಗುರಿನಷ್ಟೂ ಇಳಿದಿರಲಿಲ್ಲ. ನಾನು ಹೇಳದಿದ್ದರೂ ಅವರು ಕಂಡುಹಿಡಿಯುತ್ತಿದ್ದರು. ಓದಿದವರು, ಇವತ್ತಲ್ಲದಿದ್ದರೆ ನಾಳೆ. ಆದರೆ ಹುಲ್ಲಿಗೆ ಬೇರು ಬಿಡಲು ವಾರಗಳು ಬೇಕು, ಮೇ ತಿಂಗಳು ಯಾರಿಗೂ ಕಾಯುವುದಿಲ್ಲ.

"ನಮ್ ಬಾಸ್ ಕೇಳ್ದ, ನಿಮ್ಮಮ್ಮನಿಗೆ ಹೆಂಗ್ ಗೊತ್ತಾಯ್ತು ಅಂತ" ಎಂದಳು.

"ಏನಂದೆ?"

"ಹಾರ್ಟಿಕಲ್ಚರ್ ಅಂದೆ."

"ಹೋಗ್ಲಿ ಬಿಡು. ಕೆಲಸ ನೋಡು."

ಹೊಸ ಬೀಜ ಹಾಕಿದರು, ಹಲಗೆ ಹಾಸಿ ಗಾಡಿಯನ್ನು ಬೇರೆ ದಾರಿಯಲ್ಲಿ ತಂದರು. ಪ್ರತಿ ಆಟದಲ್ಲೂ ಆ ಬಳೆಯ ಚೂರನ್ನೇ ಹುಡುಕುತ್ತಿದ್ದೆ. ಮಾರ್ಚಿನಲ್ಲಿ ಕಂದು, ಏಪ್ರಿಲ್ಲಿನಲ್ಲಿ ತಿಳಿಹಸಿರು. ಪಟ್ಟಿಯಲ್ಲಿ ನಮ್ಮವರು ಒಂದು ವಾರ ಒಂದು, ಒಂದು ವಾರ ಎರಡು. ಕೊನೆಯ ಆಟಕ್ಕೆ ಎಲ್ಲವೂ ಬಂದು ನಿಂತಿತು. ನಮ್ಮ ಮೈದಾನ, ಗೆದ್ದರೆ ಕಪ್ ನಮ್ಮದು.

ಅದೊಂದು ಭಾನುವಾರದ ಮಧ್ಯಾಹ್ನ. ಸರೋಜ ಅಲ್ಲಿ, ನಾನೂ ಗೌರಿಯೂ ಇಲ್ಲಿ. ಚಿತ್ರಾನ್ನ ಮಾಡಿದ್ದೆ, ಗೌರಿ ತಟ್ಟೆ ಹಿಡಿದವಳು ಒಂದು ತುತ್ತನ್ನೂ ಬಾಯಿಗಿಡಲಿಲ್ಲ. ನಮ್ಮವರು ಒಂದು ಗೋಲು ಹೊಡೆದಿದ್ದರು. ಕೊನೆಗೆ ಬಂದಾಗ ಎದುರಿನವನೊಬ್ಬ ಬಾಲ್ ತೆಗೆದುಕೊಂಡು ಒಬ್ಬನೇ ನುಗ್ಗಿದ. ಅಡ್ಡ ಬಂದವನು ಅವತ್ತು ಜಾರಿ ಬಿದ್ದಿದ್ದವನೇ. ಜಾಗವೂ ಅದೇ. ನನ್ನ ಕೈ ನಾನೇ ಹಿಡಿದುಕೊಂಡೆ. ಅವನು ಕಾಲೂರಿ, ಮೈಯ ಭಾರವನ್ನೆಲ್ಲ ಆ ಕಾಲಿನ ಮೇಲೆ ಹಾಕಿ ತಿರುಗಿದ. ನೆಲ ಹಿಡಿಯಿತು. ಬಾಲನ್ನು ಆಚೆ ಒದ್ದ. ಆಟ ಮುಂದುವರಿಯಿತು.

ನಾನು ಚಪ್ಪಾಳೆ ಹೊಡೆದೆ.

"ಈಗ್ಯಾಕ್ ಚಪ್ಪಾಳಿ ಅಜ್ಜಿ? ಏನೂ ಆಗಿಲ್ಲಲ್ರೀ!"

"ಏನೂ ಆಗ್ಲಿಲ್ಲ ಅಂತಾನೇ."

ನಮ್ಮ ಕೆಲಸವೇ ಹಾಗೆ ನೋಡಿ. ಚೆನ್ನಾಗಿ ಮಾಡಿದರೆ ಏನೂ ಕಾಣುವುದಿಲ್ಲ. ಟೀವಿಯವರು ಆ ಕಾಲನ್ನು ಮತ್ತೆ ತೋರಿಸಲಿಲ್ಲ. ಇಡೀ ಲೋಕದಲ್ಲಿ ಅದಕ್ಕೆ ಚಪ್ಪಾಳೆ ಹೊಡೆದವಳು ನಾನೊಬ್ಬಳೇ ಇದ್ದೇನು. ಆ ದಿನ ನನಗಿದ್ದ ಜಂಬ ಕಪ್ ಎತ್ತಿದವರಿಗೂ ಇರಲಿಲ್ಲ.

ಸೀಟಿ ಊದಿದ್ದೇ ತಡ, ಗೌರಿ ನನ್ನನ್ನು ತಬ್ಬಿಕೊಂಡು ಅತ್ತಳು. ಅಲ್ಲಿ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಸಾವಿರಾರು ಕಾಲು, ಶೂ ಹಾಕಿದ ಕಾಲು! ಕೆಲವರು ಕೂತು ಹುಲ್ಲನ್ನೇ ಹಿಡಿ ಹಿಡಿಯಾಗಿ ಕಿತ್ತು ಜೇಬಿಗೆ ತುಂಬಿಕೊಂಡರು. "ಇಳೀರೋ ಕತ್ತೆಗಳಾ, ನನ್ ಮಗಳ ಹುಲ್ಲದು!" ಎಂದು ಎದ್ದು ನಿಂತು ಕೂಗಿದೆ. ಗೌರಿ ಅಳುವುದನ್ನು ಬಿಟ್ಟು ನಗತೊಡಗಿದಳು. ಫೋನು ಬಂತು.

"ಅಮ್ಮಾ, ನೋಡಿದ್ಯಾ? ಗೆದ್ವಿ!"

"ಗೆದ್ದಿದ್ದು ಹಾಳಾಗ್ಲಿ, ಹುಲ್ಲು ತುಳೀತಿದಾರಲ್ಲೇ!"

"ತುಳೀಲಿ ಬಿಡಮ್ಮ. ಮುಂದಿನ ವಾರ ಎಲ್ಲಾ ಹೆರೆದು ತೆಗೀತೀವಿ. ಪ್ರತಿ ವರ್ಷ ಹಂಗೇ. ಹೊಸದು ಹಾಕ್ತೀವಿ."

ಕೂತುಕೊಂಡೆ. ಅಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಹೆರೆದು ಎಸೆಯುವುದಂತೆ. ಆಮೇಲೆ ಯೋಚಿಸಿದರೆ ಸರಿಯೇ ಅನ್ನಿಸಿತು. ಅದು ನಿಲ್ಲಬೇಕಾಗಿದ್ದದ್ದು ಮೇ ತಿಂಗಳ ಆ ಭಾನುವಾರದ ತನಕ. ನಿಂತಿತು. ಮುಂದಿನ ಸೀಸನ್ನಿಗೂ ಮೈದಾನ ಸರೋಜಳ ಕೈಯಲ್ಲೇ ಉಳಿಯಿತು. ನಾನು ಮಂಗಳವಾರದ ವಿಮಾನ ಹತ್ತಿದೆ.

ಈಗ ಮತ್ತೆ ಆಗಸ್ಟು, ಮತ್ತೆ ಬಂದಿದ್ದೇನೆ, ಮಂಡಿಯೂ ಜೊತೆಗೆ ಬಂದಿದೆ. ಹೋದ ವಾರ ಅದೇ ಡಾಕ್ಟರಮ್ಮ, ಕುಕ್ಕರಗಾಲಿನ ವ್ಯಾಯಾಮ ಮಾಡಿದರಾ ಎಂದು ಕೇಳಿದರು. ಸರೋಜ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ ಡಚ್ಚಿನಲ್ಲಿ ಏನೋ ಹೇಳತೊಡಗಿದಳು. ನನಗೆ ಒಂದು ಮಾತೂ ತಿಳಿಯಲಿಲ್ಲ. ನಡುವೆ ಕುರ್ಚಿ ಬಿಟ್ಟು ಎದ್ದು, ಆಫೀಸಿನ ಬಟ್ಟೆಯಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಹಿಮ್ಮಡಿ ಪೂರ್ತಿ ನೆಲಕ್ಕೆ ತಾಕಿತ್ತು. ಇಲ್ಲದ ಹುಲ್ಲನ್ನು ಎಡಗೈಯಿಂದ ಸರಿಸಿ, ಬಲಗೈ ಇಳಿಸಿ, ಮಣಿಕಟ್ಟನ್ನು ಒಂದು ಸುತ್ತು ತಿರುಗಿಸಿ ಬೇರು ಸಮೇತ ಕಳೆ ಎತ್ತುವುದನ್ನು ತೋರಿಸಿದಳು. ಹಾಗೆಯೇ ಒಂದು ಹೆಜ್ಜೆ ಮುಂದೆ ಸರಿದು ಮತ್ತೊಮ್ಮೆ. ಆ ಕೆಲಸವನ್ನು ಅವಳು ಒಂದು ದಿನವೂ ಮಾಡಿದವಳಲ್ಲ, ಮಾಡಲು ನಾನು ಬಿಟ್ಟಿರಲಿಲ್ಲ. ಶೆಡ್ಡಿನ ಸಿಮೆಂಟಿನ ಮೇಲೆ ಕೂತು ನೋಡಿದ್ದಷ್ಟೇ. ಆದರೆ ಕೈ ನನ್ನದೇ ಕೈ. ಕೊನೆಗೆ ಎದ್ದು ಇಪ್ಪತ್ತೆಂಟು ಎಂದು ಬೆರಳಿನಲ್ಲಿ ಎಣಿಸಿ ತೋರಿಸಿದಳು.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಏನನ್ನೋ ಅಳಿಸಿ, ಏನನ್ನೋ ಬರೆದರು. ಇನ್ನು ಕುಕ್ಕರಗಾಲು ಬೇಡವಂತೆ. ಇದನ್ನು ಹೋದ ವರ್ಷವೇ ಹೇಳಬೇಕಾಗಿತ್ತು ಎಂದು ದಾರಿಯಲ್ಲಿ ಸರೋಜಳನ್ನು ಬೈದೆ. "ಹೂಂ ಅಮ್ಮ, ಹೇಳ್ಬೇಕಿತ್ತು" ಎಂದಳು. ಅಷ್ಟೇ.

ನಾನು ಕಿಟಕಿಯಿಂದ ಕೂಗಿದ್ದು ಕೇಳಿ ಇವತ್ತು ಸರೋಜ ಒಳಗಿನಿಂದ ಬಂದಳು.

"ಬೆಳಿಗ್ಗೆ ಬೆಳಿಗ್ಗೆ ಯಾರ್ ಮೇಲಮ್ಮ ಜಗಳ?"

"ಒದ್ದೆ ಹುಲ್ಲು ಕುಯ್ತಿದಾನೆ. ಬ್ಲೇಡೂ ಮೊಂಡು."

ಅವಳು ಕಿಟಕಿಯಿಂದ ಬಗ್ಗಿ, ಎರಡೂ ಕೈ ಆಡಿಸಿ ಅವನನ್ನು ನಿಲ್ಲಿಸಿದಳು. ಅವನು ಯಂತ್ರ ಆರಿಸಿ ಕಿವಿಯ ಮುಚ್ಚಳ ತೆಗೆದ ಮೇಲೆ ಅವರ ಭಾಷೆಯಲ್ಲಿ ಏನೋ ಹೇಳಿದಳು.

"ಏನಂದೆ?" ಎಂದು ಕೇಳಿದೆ.

"ನಮ್ಮಮ್ಮ ಇಪ್ಪತ್ತೆಂಟು ವರ್ಷ ಹುಲ್ಲಿನ ಕೆಲಸಾನೇ ಮಾಡಿದ್ದು, ಬ್ಲೇಡ್ ನೋಡ್ಕೋಬೇಕಂತೆ ಅಂದೆ."

ಅವನು ಬಗ್ಗಿ ಒಂದು ಎಳೆ ಕಿತ್ತು, ಕಣ್ಣಿನ ಹತ್ತಿರ ಹಿಡಿದು ತುದಿಯನ್ನು ನೋಡಿದ. ಆಮೇಲೆ ಮೇಲೆ ನೋಡಿದ. ಈ ಸಲ ಕೈಬೀಸಲಿಲ್ಲ. ಹೌದು ಎನ್ನುವಂತೆ ತಲೆಯಾಡಿಸಿದ.