ಊರಿಗೊಬ್ಬರು ಆಡಿದ ಪಾತ್ರ

ಡಿಗ್ರಿ ಓದುತ್ತಿದ್ದಾಗ ಕಾಲೇಜಿನ ಕೆಲವರು ಸೇರಿ ಎಚ್‌ಐವಿ ಬಗ್ಗೆ ಬೀದಿನಾಟಕ ಕಟ್ಟಿದೆವು. ಗಂಡನಿಂದ ಸೋಂಕು ತಗುಲಿ, ಅವನು ತೀರಿಕೊಂಡ ಮೇಲೆ ಅತ್ತೆಮನೆಯಿಂದ ಹೊರಬಿದ್ದ ಹೆಂಗಸಿನ ಪಾತ್ರ ನನ್ನದು. ಕುಶಾಲನಗರದ ಬಸ್‌ ನಿಲ್ದಾಣದಲ್ಲಿ ಆಡಿದಾಗ ಜನ ನೋಡಿದರು, ಬಸ್ಸು ಬಂದಾಗ ಎದ್ದು ಹೋದರು. ನನ್ನೂರು ಶಿರಂಗಾಲದಲ್ಲಿ ಆಡಿದಾಗ ಮಾತ್ರ ಹಾಗಾಗಲಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ನಾನು ಅಳುತ್ತಾ, "ನಂಗೆ ಎಚ್‌ಐವಿ ಐತೆ" ಎನ್ನುವ ತುಣುಕಷ್ಟೇ ವಾಟ್ಸಾಪಿನಲ್ಲಿ ಹರಿದಾಡಿತು. ಕೆಲವೇ ದಿನಗಳಲ್ಲಿ ಹಾಲಿನ ಡೈರಿಯಲ್ಲಿ ಪಕ್ಕದ ಮನೆಯಾಕೆ ತನ್ನ ಕ್ಯಾನನ್ನು ನಮ್ಮ ಕ್ಯಾನಿನಿಂದ ದೂರ ಸರಿಸಿದಳು. ಹಾಸನದ ಕಡೆಯಿಂದ ನನ್ನನ್ನು ಹೆಣ್ಣು ಕೇಳಿಕೊಂಡು ಬಂದಿದ್ದ ಸಂಬಂಧದವರು ಫೋನ್ ಎತ್ತುವುದನ್ನೇ ಬಿಟ್ಟರು.

ದೊಡ್ಡಪ್ಪ ಮನೆಗೆ ಬಂದರು.

"ಒಂದ್ಸಲ ರಕ್ತ ಪರೀಕ್ಷೆ ಮಾಡುಸ್ಕಂಡ್ ಬಾ ಮಗ. ರಿಪೋರ್ಟ್ ತಂದು ನಾಕ್ ಜನಕ್ಕೆ ತೋರ್ಸದ್ರೆ ಮುಗೀತು."

"ತೋರ್ಸಲ್ಲ ದೊಡ್ಡಪ್ಪ."

"ಯಾಕೆ? ನಿಂಗೇನೂ ಇಲ್ವಲ್ಲ?"

"ನಂಗಿಲ್ಲ ಅಂತ ತೋರ್ಸದ್ರೆ, ಇರೋರು ಏನ್ ತೋರ್ಸ್ಬೇಕು? ಹಂಗೆ ಯಾರ್ನೂ ಬಲವಂತ ಮಾಡಂಗಿಲ್ಲ. ಕಾನೂನೇ ಐತೆ."

"ಕಾನೂನು ಬಂದು ನಮ್ ಹಾಲ್ ಅಳೀತದಾ?" ಎಂದು ಅಮ್ಮ ಒಳಗೆ ಹೋದಳು. ನನಗೆ ಸಿಟ್ಟು ಬರಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಾಲೇಜಿನಲ್ಲಿ ವಿಷಯ ತಿಳಿಸಿದೆ. ನಾಟಕ ನಿಲ್ಲಿಸೋಣ ಎಂದವರೂ ಇದ್ದರು. ಗಾಳಿಬೀಡಿನ ಹುಡುಗಿಯೊಬ್ಬಳು, "ಆ ಪಾರ್ಟು ಇನ್ನು ಒಬ್ಬಳೇ ಮಾಡೋದು ಬೇಡ. ಊರಿಗೊಬ್ಬರು ಮಾಡುವ, ಹುಡುಗರೂ ಸೇರಿ. ಎಷ್ಟು ಜನರನ್ನ ಅಂತ ಹೊರಗಿಡ್ತಾರೆ?" ಎಂದಳು. ಮುಂದಿನ ವಾರ ತನ್ನೂರಿನಲ್ಲೇ, ತನ್ನ ಮನೆಯವರ ಎದುರೇ, ಅವಳು ಆ ಪಾತ್ರ ಮಾಡಿದಳು. ವಿರಾಜಪೇಟೆಯಲ್ಲಿ ಅಲ್ಲಿನ ಹುಡುಗನೊಬ್ಬ ಮಾಡಿದ.

ಆಮೇಲೆ ಎಲ್ಲರೂ ಶಿರಂಗಾಲಕ್ಕೆ ಬಂದು, ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ಆಡಿದರು. ವಾಟ್ಸಾಪಿನಲ್ಲಿ ಹರಿದಾಡಿದ್ದ ನನ್ನ ಆ ಮಾತನ್ನು ಒಬ್ಬರಾದ ಮೇಲೊಬ್ಬರು ಹೇಳಿದರು. ಕೊನೆಗೆ ನಾನು ನಿಂತು, "ನಂಗೆ ಐತೋ ಇಲ್ವೋ ಹೇಳಲ್ಲ. ಇದ್ರೂ ಹಾಲ್ನಿಂದ ಬರಲ್ಲ" ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಪ್ಪ ತಲೆ ತಗ್ಗಿಸಿಕೊಂಡು ಹೋದರು. ಕ್ಯಾನುಗಳು ಮತ್ತೆ ಒತ್ತಟ್ಟಿಗೆ ಬರಲು ತಿಂಗಳುಗಳೇ ಹಿಡಿದವು. ಹಾಸನದವರು ಮಾತ್ರ ಮತ್ತೆ ಫೋನ್ ಮಾಡಲಿಲ್ಲ.

ಆವತ್ತು ಜನ ಚದುರಿದ ಮೇಲೆ ಪಕ್ಕದ ಊರಿನ ಹೆಂಗಸೊಬ್ಬಳು ನನ್ನ ಹತ್ತಿರ ಬಂದಳು.

"ನಂಗೈತೆ ಕಣವ್ವ. ಮಾತ್ರೆ ತಗೋತಾ ಚೆನ್ನಾಗೇ ಇವ್ನಿ. ಹಾಸ್ಟೆಲ್ನಾಗೆ ಅಡ್ಗೆ ಮಾಡ್ತಿದ್ದೆ, ಗೊತ್ತಾಗ್ತಿದ್ದಂಗೆ ಬರ್ಬೇಡ ಅಂದ್ರು. ನೀನು ನಿಮ್ ದೊಡ್ಡಪ್ಪಂಗೆ ಕಾನೂನು ಐತೆ ಅಂದ್ಯಂತೆ. ಎಲ್ಲೈತೆ ಅದು?"

ಅವಳ ಜೊತೆ ನಾಟಕದವರು ನಾವು ಮೂವರು ಮಡಿಕೇರಿಗೆ ಹೋಗಿ, ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಕುಳಿತೆವು. ಹೆಸರು ಹೊರಗೆ ಬರುವುದಿಲ್ಲ ಎಂದು ಅಲ್ಲಿಯ ವಕೀಲೆ ಹೇಳಿದ ಮೇಲೆಯೇ ಅವಳು ಬಾಯಿಬಿಟ್ಟಳು. ಹಲವು ಸಲ ಅಲೆದಾಡಿದ ನಂತರ ಕೆಲಸ ವಾಪಸ್ಸು ಸಿಕ್ಕಿತು. ಹಾಸ್ಟೆಲಿನ ಕೆಲವು ಮಕ್ಕಳು ಈಗಲೂ ಊಟ ಬಿಟ್ಟು ಅಂಗಡಿಯ ಬನ್ನು ತಿನ್ನುತ್ತಾರಂತೆ. ಉಳಿದವರು ಅವಳ ಸಾರನ್ನು ಎರಡನೇ ಸಲ ಬಡಿಸಿಕೊಳ್ಳುತ್ತಾರಂತೆ.