ಒನಕೆಗೆ ತೊಡಿಸಿದ ಕುಂಚಿಗೆ

ಆ ದಿನಗಳಲ್ಲಿ ಕೊಣ್ಣೂರಿನ ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ, ಹುಂಜವಿತ್ತು. ಅದು ಕೂಗಿದರೆ ಆಯಿ, ಅಂದರೆ ಅಪ್ಪನ ತಾಯಿ, ಏಳುತ್ತಿದ್ದಳು. ಆಯಿ ಎದ್ದ ಮೇಲೆ ಎಲ್ಲರೂ ಏಳಲೇಬೇಕಿತ್ತು.

ನನಗೆ ಆಗ ಎಂಟು ವರ್ಷ. ತಂಗಿ ಗಂಗಿ ಆಗಷ್ಟೇ ಹೆಜ್ಜೆ ಹಾಕಲು ಕಲಿತಿದ್ದಳು. ಚಳಿಗೆಂದು ಆಯಿ ತನ್ನ ಹಳೆಯ ಕೆಂಪು ಸೀರೆ ಕತ್ತರಿಸಿ ಅವಳಿಗೊಂದು ಕುಂಚಿಗೆ ಹೊಲಿದಿದ್ದಳು. ನೆತ್ತಿಯ ಮೇಲೆ ಕೆಂಪು ಗೊಂಡೆ, ಬೆನ್ನಿನವರೆಗೆ ಇಳಿಯುವ ಬಟ್ಟೆ, ಒಳಗೆ ಅಪ್ಪನ ಧೋತರದ ಬಿಳಿ ಅಸ್ತರ.

ಒಂದು ಶನಿವಾರ ಮುಂಜಾನೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸುಟ್ಟ ಜೋಳದ ವಾಸನೆ ಅಂಗಳದವರೆಗೂ ಬರುತ್ತಿತ್ತು. ನಾನು ಕಟ್ಟೆಯ ಮೇಲೆ ಗಜ್ಜುಗ ಆಡುತ್ತಿದ್ದೆ. ಗಂಗಿ ಕುಂಚಿಗೆ ತೊಟ್ಟು, ರೊಟ್ಟಿಯ ಚೂರು ಹಿಡಿದು ನನ್ನನ್ನು ದಾಟಿ ಹೋದಳು. ಹುಂಜ ಕತ್ತಿನ ಗರಿ ಕೆದರಿತು. ನಾನು ಅದನ್ನು ಕಂಡೆ. ಮೇಲಕ್ಕೆ ತೂರಿದ್ದ ಗಜ್ಜುಗ ಕೆಳಗೆ ಬರುವಷ್ಟರಲ್ಲಿ ಹುಂಜ ಅವಳ ತಲೆಯ ಮೇಲಿತ್ತು.

ಗಾಯವಾದದ್ದು ಎಡಗಣ್ಣಿನ ಕೆಳಗೆ. ಒಂದು ಜೋಳದ ಕಾಳಿನಷ್ಟು ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಆಯಿ ಅರಿಸಿನ ಒತ್ತಿದಳು. ರಕ್ತ, ಕಾಡಿಗೆ, ಅರಿಸಿನ ಮೂರೂ ಕೂಡಿ ಕೆನ್ನೆಯ ಮೇಲೆ ಇಳಿದವು.

“ನಾಳೆ ಐತವಾರ. ಇದನ್ನ ಕೊಯ್ದ ಬಿಡೂಣು,” ಅಂದ ಅಪ್ಪ.

“ಸಿಟ್ಟ ಐತಿ ಅಂತ ಕೊಯ್ಯೂದಾದ್ರ ನಿನ್ನ ಯಾವಾಗೋ ಕೊಯ್ತಿದ್ನೆಪಾ,” ಅಂದಳು ಆಯಿ. ಆದರೆ ಗಂಗಿಯ ಮುಖ ನೋಡಿ ಅವಳ ದನಿಯೂ ಇಳಿಯಿತು.

ನಾನು ಕಟ್ಟೆಯಿಂದ ಇಳಿದು ಹೇಳಿದೆ: “ಆಯಿ, ನಿನ್ನಿ ಗಂಗಿ ಬರೇ ತಲೀಲೆ ಇದ್ಲು. ಅಕಿ ಕೈಯಾಗಿನ ಕಾಳ ತಿಂದ ಸುಮ್ನ ಹೋತು. ಕುಂಚಿಗಿ ನೋಡಿ, ಇನ್ನೊಂದ ಹುಂಜ ಬಂತಂತ ತಿಳಕೊಂಡೈತಿ.”

“ಬಂದ್ರು ನೋಡ್ರಿ ವಕೀಲರು,” ಅಂದ ಅಪ್ಪ.

ಆಯಿ ನಗಲಿಲ್ಲ. ಕುಂಚಿಗೆ ಬಿಚ್ಚಿ ಒನಕೆಗೆ ತೊಡಿಸಿ, ಅಂಗಳದಲ್ಲಿ ನೆಟ್ಟಗೆ ಹಿಡಿದು ನಿಂತಳು. ಹುಂಜ ಓರೆಗಣ್ಣಿನಿಂದ ನೋಡಿತು. ಹಾರಿ ಒದೆಯಿತು, ಬಿತ್ತು. ಮತ್ತೆ ಹಾರಿತು. ಮೂರನೆಯ ಸಲ ಅಪ್ಪನೇ ಕೂಗಿದ: “ಏ, ಸಾಕ ಬಿಡೋ, ಕಾಲ ಮುರಕೊಂಡೀ!” ಅವ್ವ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ನಕ್ಕಳು.

ಅಂದೇ ಆಯಿ ಗೊಂಡೆ ಕತ್ತರಿಸಿ, ಬಿಳಿ ಅಸ್ತರ ಹೊರಗೆ ಬರುವಂತೆ ಕುಂಚಿಗೆಯನ್ನು ತಿರುವಿ ಹೊಲಿದಳು. ಹುಂಜ ಇನ್ನೂ ಮೂರು ಚಳಿಗಾಲ ನಮ್ಮನ್ನು ಎಬ್ಬಿಸಿತು.

ಗಾಯದ ಕಲೆ ಮಾತ್ರ ಉಳಿಯಿತು. ಇಬ್ಬರೂ ಮುದುಕಿಯರಾದ ಮೇಲೂ ಭೇಟಿಯಾದಾಗಲೆಲ್ಲ ನಾನು ಅದನ್ನು ಮುಟ್ಟಿ ಈ ಕಥೆ ಹೇಳುತ್ತಿದ್ದೆ. “ನನಗೇನ ನೆನಪಿಲ್ಲಕ್ಕಾ, ನೀ ಹೇಳಿದ್ದ ಖರೆ,” ಅನ್ನುತ್ತಿದ್ದಳು ಗಂಗಿ.

ಅಂದು ಅಂಗಳದಲ್ಲಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಹೋದ ವರ್ಷ ಗಂಗಿಯೂ ಹೋದಳು. ಎಡಗಣ್ಣು ಎಂದು ಮೇಲೆ ಬರೆದೆ. ಬರೆದ ಮೇಲೆ ಎಡವೋ ಬಲವೋ ಎಂದು ಅನುಮಾನವಾಗಿದೆ. ಮೊದಲಾಗಿದ್ದರೆ ಕೈ ಚಾಚಿ ಅವಳ ಕೆನ್ನೆ ಮುಟ್ಟಿ ನೋಡುತ್ತಿದ್ದೆ.