ಸತ್ತ ರಾಜಕುಮಾರನಿಗೆ ವನ್ಸ್‌ಮೋರ್

೧೯೪೧, ಮಾಘದ ಭಾನುವಾರ, ಸಂಜೆ ಆರು ಗಂಟೆ. ಗಂಗಾವತಿಗೆ ಬಂದಿದ್ದ ಮಕ್ಕಳ ತಂಡದ ಸಂಗೀತ ನಾಟಕದಲ್ಲಿ ರಾಜಕುಮಾರ ಹಾಡುತ್ತಲೇ ಪ್ರಾಣ ಬಿಟ್ಟ. ಜನ ‘ವನ್ಸ್‌ಮೋರ್’ ಎಂದು ಕೂಗಿದರು. ಆ ಪಾತ್ರದ ಪುಟ್ಟ ಈರಣ್ಣ ಎದ್ದು ಕೂತು, ಮತ್ತೆ ಹಾಡಿ, ಮತ್ತೆ ಸತ್ತ. ನಾಲ್ಕನೆಯ ಸಾವಿಗೆ ಅವನ ಗಂಟಲು ಒಡೆಯಿತು.

ಉತ್ತಮ ನಟನ ಬೆಳ್ಳಿ ಪದಕಕ್ಕೆ ಅಂಕ ಹಾಕಲು ನನ್ನ ಜೊತೆ ಕುಳಿತಿದ್ದ ವಕೀಲರು, “ಧ್ವನಿ ಬಿದ್ದೈತ್ರಿ, ಮಾರ್ಕ್ಸ್ ಕಡಿಮಿ ಹಾಕ್ರಿ” ಎಂದರು.

“ಎಲ್ಲಾರಕಿಂತ ಜೋರಾಗಿ ವನ್ಸ್‌ಮೋರ್ ಅಂದವ್ರು ನೀವ ಅಲ್ರೀ?” ಎಂದೆ.

“ಛಲೋ ಹಾಡಿದ್ನಲ್ರೀ, ಅದಕ್ಕ!”

ನಮ್ಮಿಬ್ಬರ ಅಂಕ ಕೂಡಿಸಿದಾಗ ಪದಕ ಮಂತ್ರಿ ಪಾತ್ರದ ಹುಡುಗನಿಗೆ ಹೋಯಿತು. ಅವನಿಗೆ ಯಾರೂ ವನ್ಸ್‌ಮೋರ್ ಅಂದಿರಲಿಲ್ಲ. ಪರದೆಯ ಹಿಂದೆ ಹೋದಾಗ ಈರಣ್ಣ ನನಗೆ ಪಿಸುಗುಟ್ಟಿದ: “ಸರ, ಸತ್ತಮ್ಯಾಲ ಎಷ್ಟ್ ಸಲ ಏಳಬೇಕ್ರೀ?”

ಅವರ ತಂಡ ಈಗ ಯಲಬುರ್ಗಾ ಕಡೆ ಹೋಗಿದೆಯಂತೆ. ಅವನ ಧ್ವನಿ ಮರಳಿದೆಯೇ? ಅವನ ಹಾಡು ಕೇಳಿದವರು ಬರೆದು ತಿಳಿಸಿ. ಆದರೆ ಅಲ್ಲಿ ವನ್ಸ್‌ಮೋರ್ ಎಂದು ಮಾತ್ರ ಕೂಗಬೇಡಿ.